ತನ್ನದೇ ಸುಳಿಗೆ ಸಿಕ್ಕುವ ರೆಕ್ಕೆ

ವಿಮಾನದ ರೆಕ್ಕೆ ತಾನು ಕದಡಿದ ಗಾಳಿಯನ್ನು ಹಿಂದೆ ಬಿಟ್ಟು ಹೋಗಿಬಿಡುತ್ತದೆ. ಹೆಲಿಕಾಪ್ಟರಿನ ರೆಕ್ಕೆಗೆ ಆ ಭಾಗ್ಯವಿಲ್ಲ. ಒಂದರ ತುದಿ ಎಬ್ಬಿಸಿದ ಸುಳಿ ದೂರ ಸರಿಯುವ ಮೊದಲೇ ಮುಂದಿನ ರೆಕ್ಕೆ ಅಲ್ಲಿಗೆ ಬಂದಿರುತ್ತದೆ. ಹೆಲಿಕಾಪ್ಟರ್ ಇಳಿಯುವಾಗ ಕೇಳುವ ಪಟಪಟ ಸದ್ದಿಗೆ ಮುಖ್ಯ ಕಾರಣ ಈ ಡಿಕ್ಕಿಯೇ. ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ತೋರಿಸುವುದು ಬಲು ಕಷ್ಟದ ಕಸುಬು.

ಅಮೆರಿಕದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿನ ರೋಟರ್, ಅಂದರೆ ತಿರುಗುವ ರೆಕ್ಕೆಗಳ ಚಕ್ರ, ಸುಮಾರು 16.4 ಮೀಟರ್ ಅಗಲ. ನಿಮಿಷಕ್ಕೆ 258 ಸುತ್ತು ಹಾಕುವ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 220 ಮೀಟರ್. ಗಂಟೆಗೆ 270 ಕಿ.ಮೀ. ವೇಗದಲ್ಲಿ ಹಾರುವಾಗ, ಮುಂದಕ್ಕೆ ಬೀಸುವ ಬದಿಯ ತುದಿಗೆ ಶಬ್ದದ ವೇಗವನ್ನು ಸಮೀಪಿಸುವ ಗಾಳಿ ಬಡಿಯುತ್ತದೆ. ಹಿಂದಕ್ಕೆ ಸರಿಯುವ ಬದಿಗೆ ಅದರ ಅರ್ಧದಷ್ಟು ಮಾತ್ರ. ಜತೆಗೆ ರೆಕ್ಕೆ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಗಾಳಿಯ ಲೆಕ್ಕವನ್ನೂ ರೆಕ್ಕೆಯ ಲೆಕ್ಕವನ್ನೂ ಒಟ್ಟಿಗೇ ಬಿಡಿಸಬೇಕು.

ಇದಕ್ಕಾಗಿ ಪ್ರತಿ ರೆಕ್ಕೆಗೂ ಅದರೊಂದಿಗೇ ತಿರುಗುವ ಸಣ್ಣ ಕೋಶಗಳ ಜಾಲ, ಸುತ್ತಲಿನ ಗಾಳಿಗೆ ಸ್ಥಿರವಾದ ಇನ್ನೊಂದು ಜಾಲ ಹೆಣೆಯುತ್ತಾರೆ. ಒಂದರ ಮೇಲೊಂದು ಬಂದ ಕಡೆ ಎರಡೂ ಕ್ಷಣಕ್ಷಣಕ್ಕೆ ಅಂಕಿಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಕೋಶಗಳು ದೊಡ್ಡದಾದರೆ, ನಿಜದಲ್ಲಿ ಉಳಿಯುವ ಸುಳಿ ಲೆಕ್ಕದಲ್ಲಿ ಕರಗಿಹೋಗುತ್ತದೆ. ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದ ನೀಲ್ ಚಾಡರ್ಜಿಯನ್ ಮತ್ತು ಸಂಗಡಿಗರು ಜಾಲವನ್ನು ಸೂಕ್ಷ್ಮಗೊಳಿಸಿ, ಗಾಳಿಯ ಕದಡುವಿಕೆಯ ಸೂತ್ರವನ್ನೂ ತಿದ್ದಿ, ವಿ-22 ಆಸ್ಪ್ರೇ ವಿಮಾನದ ರೋಟರಿನ ದಕ್ಷತೆಯನ್ನು ಪ್ರಯೋಗದ ದೋಷಮಿತಿಯೊಳಗೇ ಲೆಕ್ಕಹಾಕಿದರು. ದಶಕಗಳಿಂದ ಕೈಗೆಟುಕದಿದ್ದ ಫಲಿತಾಂಶವದು.

ಈ ಲೆಕ್ಕಗಳಿಂದ ಮೂಡುವ ಬಣ್ಣದ ಸುಳಿಚಿತ್ರಗಳು ಕಣ್ಸೆಳೆಯುತ್ತವೆ, ನಿಜ. ಆದರೆ ನನಗೆ ದೊಡ್ಡದೆನಿಸುವುದು ಅವುಗಳ ಬೆನ್ನಿಗಿರುವ ಅಳತೆಯ ಕೆಲಸ. 1993-94ರಲ್ಲಿ ಬ್ಲ್ಯಾಕ್ ಹಾಕ್‌ನ ರೆಕ್ಕೆಗೆ 200ಕ್ಕೂ ಹೆಚ್ಚು ಒತ್ತಡಮಾಪಕಗಳನ್ನು ಕೂರಿಸಿ ಹಾರಿಸಿದ್ದರು. ಅದಕ್ಕೂ ಮುಂಚೆ, 1981ರಲ್ಲಿ, ಏಮ್ಸ್‌ನಲ್ಲೇ ಫ್ರ್ಯಾಂಕ್ ಕ್ಯಾರಡೋನಾ ಮತ್ತು ಚೀ ಟಂಗ್ ಎರಡೇ ರೆಕ್ಕೆಗಳ ಸರಳ ಮಾದರಿಯೊಂದನ್ನು ತಿರುಗಿಸಿ ಒತ್ತಡ ಅಳೆದರು. ಹೊಸ ತಂತ್ರಾಂಶ ಬರೆದವರು ಇಂದಿಗೂ ಅದನ್ನು ಒರೆಗೆ ಹಚ್ಚುವುದು ಆ ಅಂಕಿಗಳ ಮೇಲೆ.

ಹೆಲಿಕಾಪ್ಟರ್ ಕಟ್ಟುವ ಕೆಲಸ ನಮ್ಮಲ್ಲೂ ಇದೆ. ಭಾರತದ ಧ್ರುವ್ ಹೆಲಿಕಾಪ್ಟರ್ ಮೊದಲ ಸಲ ಹಾರಿದ್ದು 1992ರ ಆಗಸ್ಟ್ 20ರಂದು, ಬೆಂಗಳೂರಿನಲ್ಲಿ. ಅದನ್ನು ರೂಪಿಸಿದ ಎಚ್‌ಎಎಲ್‌ನ ಹೆಲಿಕಾಪ್ಟರ್ ವಿನ್ಯಾಸ ಕೇಂದ್ರ ಇರುವುದೂ ಇಲ್ಲೇ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಅದರ ಹೆಲಿಕಾಪ್ಟರ್ ಕಾರ್ಖಾನೆಯೂ ಶುರುವಾಗಿದೆ. ಈ ವಿದ್ಯೆ ಬಲ್ಲವರು ನಮ್ಮ ಕಾಲೇಜುಗಳಿಂದ ಇನ್ನಷ್ಟು ಬರಬೇಕು. 1981ರ ಆ ಪ್ರಯೋಗದ ವರದಿ ನಾಸಾದ ತಾಣದಲ್ಲಿ ಉಚಿತವಾಗಿದೆ, ಗಾಳಿಯ ಲೆಕ್ಕ ಬಿಡಿಸುವ ಓಪನ್‌ಫೋಮ್ ತಂತ್ರಾಂಶಕ್ಕೂ ಹಣ ಕೊಡಬೇಕಿಲ್ಲ. ಎಂಜಿನಿಯರಿಂಗ್ ಓದುತ್ತಿರುವವರು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಆ ಎರಡು ರೆಕ್ಕೆಗಳನ್ನೇ ಆರಿಸಿಕೊಳ್ಳಲಿ.