ನೆಗಡಿಗೆ ಮೂಗು ಕೊಯ್ಯುವ ಚಿಕಿತ್ಸೆ

ಡೀಸೆಲ್ ಮೋಟಾರು ಗಾಡಿಯನ್ನಿಟ್ಟುಕೊಂಡ ಗೃಹಸ್ಥರ ಬಾಯಲ್ಲಿ ಈಚೆಗೆ ಪದೇ ಪದೇ ಕೇಳಬರುತ್ತಿರುವ ದೂರು ಒಂದು: "ಗಾಡಿ ಎಳೆಯುತ್ತಿಲ್ಲ." ಊರೊಳಗೆ ಹೇಗೋ ಓಡುತ್ತದೆ. ಶಿರಾಡಿ ಘಟ್ಟದ ಏರಿನಲ್ಲಿ ಲಾರಿಯೊಂದನ್ನು ದಾಟಲೆಂದು ಆಕ್ಸಿಲರೇಟರನ್ನು ಒತ್ತಿದೊಡನೆ ಎಂಜಿನಿಗೆ ಉಸಿರು ಕಟ್ಟಿದಂತಾಗಿ, ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿ, ಗಾಡಿಯು ಮೂರು ಸಾವಿರ ಸುತ್ತುಗಳ ಮೇಲೆ ಏರಲೊಲ್ಲದೆ ಕುಂಟತೊಡಗುತ್ತದೆ. ಎದುರಿನಿಂದ ಬಸ್ಸು ಬರುತ್ತಿರುವ ಗಳಿಗೆಯಲ್ಲಿ ಇದು ಪ್ರಾಣಕ್ಕೇ ಎರವಾಗಬಲ್ಲದು. ಮಾಲಿಕರು ಹೆದರಿ ಗ್ಯಾರೇಜಿಗೆ ಹೋಗುತ್ತಾರೆ. ಅಲ್ಲಿ ದೊರೆಯುವ ಚಿಕಿತ್ಸೆಯು ಅನೇಕ ವೇಳೆ ಎರಡರಲ್ಲೊಂದಾಗಿರುತ್ತದೆ. ಸ್ಕ್ಯಾನರನ್ನು ಜೋಡಿಸಿ, ಅದು ತೋರಿದ ಸಂಕೇತದಲ್ಲಿ ಯಾವ ಭಾಗದ ಹೆಸರಿದೆಯೋ ಆ ಭಾಗವನ್ನೇ ಹೊಸದಾಗಿ ಹಾಕಿಬಿಡುವುದು ಒಂದು. ಇನ್ನೊಂದು ಮತ್ತೂ ಸುಲಭ: ಸೈಲೆನ್ಸರಿನ ದಾರಿಯಲ್ಲಿ ಮಸಿಯನ್ನು ಹಿಡಿಯಲೆಂದು ಇಟ್ಟಿರುವ ಡಿ.ಪಿ.ಎಫ್. ಎಂಬ ಶೋಧಕವನ್ನು ಒಡೆದು ಬರಿದು ಮಾಡಿ, ಗಾಡಿಯ ಕಂಪ್ಯೂಟರಿನಿಂದ ಅದರ ಹೆಸರನ್ನೂ ಅಳಿಸಿ, ಇನ್ನು ದೀಪ ಹೊತ್ತುವುದಿಲ್ಲವೆಂದು ಭರವಸೆ ಕೊಟ್ಟು ಕಳಿಸುವುದು.

ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಚಿಕಿತ್ಸೆಯೆನಿಸಿಕೊಳ್ಳಲು ಅರ್ಹವಲ್ಲ. ಮೊದಲನೆಯದರಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೀಳುತ್ತದೆ. ಎರಡನೆಯದರಲ್ಲಿ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಂತಾಗುತ್ತದೆ. ಮೊದಲನೆಯದರಿಂದ ಮಾಲಿಕನೊಬ್ಬನ ಹಣ ಹಾಳು. ಎರಡನೆಯದರಿಂದ ನಷ್ಟಕ್ಕೊಳಗಾಗುವವರು ಆ ಗಾಡಿಯೊಡನೆ ಯಾವ ಸಂಬಂಧವೂ ಇಲ್ಲದ, ಅದರ ಹಿಂದೆ ನಡೆದು ಬರುತ್ತಿರುವ ಜನರು. ಆದಕಾರಣ ಇದನ್ನು ಯಂತ್ರಜ್ಞರ ಗೊಡವೆಯೆಂದು ಬಿಟ್ಟುಬಿಡದೆ, ನಮ್ಮ ವಾಚಕರ ಮತ್ತು ವಿಶೇಷವಾಗಿ ಸಾರಿಗೆ ಇಲಾಖೆಯ ಅಧಿಕಾರಿಗಳ ಗಮನಕ್ಕೆ ತರಬಯಸುತ್ತೇವೆ.

1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲನು ನಡೆಸಿ ತೋರಿಸಿದ ಯಂತ್ರದ ಮೂಲತತ್ತ್ವವು ಇಂದಿಗೂ ಬದಲಾಗಿಲ್ಲ. ಅದರಲ್ಲಿ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿನೊಳಕ್ಕೆ ಎಣ್ಣೆಯನ್ನು ಸಿಂಪಡಿಸಿದರೆ ಅದು ತಾನಾಗಿಯೇ ಉರಿಯುತ್ತದೆ. ಆದುದರಿಂದ ಬಲ ಕುಂದಿದ ಡೀಸೆಲ್ ಗಾಡಿಯ ವಿಷಯದಲ್ಲಿ ಕೇಳತಕ್ಕ ಪ್ರಶ್ನೆಗಳು ಮೂರೇ: ಗಾಳಿಯು ಸಾಕಷ್ಟು ಒಳಗೆ ಹೋಗುತ್ತಿದೆಯೇ, ಎಣ್ಣೆಯು ತಕ್ಕ ಒತ್ತಡದಲ್ಲಿ ಬರುತ್ತಿದೆಯೇ, ಉರಿದ ಹೊಗೆಯು ಸರಾಗವಾಗಿ ಹೊರಗೆ ಹೋಗುತ್ತಿದೆಯೇ. ಈಗಿನ ಗಾಡಿಗಳಲ್ಲಿ ಇವನ್ನು ಕಾಯುವ ಕಂಪ್ಯೂಟರೊಂದಿದ್ದು, ಎಲ್ಲಿಯಾದರೂ ಲೆಕ್ಕ ತಪ್ಪಿದೊಡನೆ ಅದು ಎಣ್ಣೆಯನ್ನು ತಾನೇ ಕಡಿಮೆ ಮಾಡಿಬಿಡುತ್ತದೆ. ಮೆಕ್ಯಾನಿಕರು ಲಿಂಪ್ ಮೋಡ್ ಎನ್ನುವ ಕುಂಟುನಡೆಯು ಹೀಗೆ ಯಂತ್ರವು ತನ್ನನ್ನು ಕಾಪಾಡಿಕೊಳ್ಳುವ ಉಪಾಯವಾಗಿದೆ. ಜ್ವರವನ್ನು ಇಳಿಸಿದ ಮಾತ್ರಕ್ಕೆ ರೋಗವು ಹೋಗದೆಂಬುದನ್ನು ನಮ್ಮ ಮನೆಗಳ ಅಜ್ಜಿಯರೂ ಬಲ್ಲರು.

ಸಂಕೇತಗಳ ವಿಷಯದಲ್ಲಿ ಒಂದು ಮಾತು. ಪಿ-0299 ಎಂಬುದು ಬಹಳ ಮಂದಿಯನ್ನು ಖರ್ಚಿಗೆ ಎಳೆದಿರುವ ಸಂಖ್ಯೆ. ಟರ್ಬೊ ಕೊಡುವ ಗಾಳಿಯ ಒತ್ತಡವು ಬೇಕಾದಷ್ಟಿಲ್ಲ ಎಂಬುದಷ್ಟೇ ಅದರ ಅರ್ಥ. ಟರ್ಬೊ ಕೆಟ್ಟಿದೆಯೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಇಂಟರ್‌ಕೂಲರಿನ ರಬ್ಬರು ಹೋಸು ಸೀಳಿದ್ದರೂ, ಅದರ ಕ್ಲಿಪ್ಪು ಸಡಿಲವಾಗಿದ್ದರೂ, ಟರ್ಬೊವನ್ನು ಆಡಿಸುವ ಸಣ್ಣ ವ್ಯಾಕ್ಯೂಮ್ ಕೊಳವೆಯು ಒಣಗಿ ಬಿರಿದಿದ್ದರೂ, ಇ.ಜಿ.ಆರ್. ವಾಲ್ವು ತೆರೆದೇ ನಿಂತಿದ್ದರೂ, ಒತ್ತಡವನ್ನು ಅಳೆಯುವ ಸೆನ್ಸರಿನ ಬಾಯಿಗೆ ಮಸಿ ಕಟ್ಟಿದ್ದರೂ ಇದೇ ಸಂಖ್ಯೆಯು ಬರಬಹುದು. ಕೆಲವು ನೂರು ರೂಪಾಯಿಯ ಕೊಳವೆಗಾಗಿ ಹತ್ತಾರು ಸಾವಿರದ ಟರ್ಬೊವನ್ನು ಬದಲಿಸುವುದು, ದೂರು ಬರೆದುಕೊಂಡ ದಫೇದಾರನೇ ಶಿಕ್ಷೆಯನ್ನೂ ವಿಧಿಸಿದಂತೆ. ಇದಕ್ಕಿಂತ ಕೆಟ್ಟ ರೂಢಿಯೊಂದಿದೆ: ಗಾಡಿ ಬಂದ ಕೂಡಲೆ ಸಂಕೇತವನ್ನು ಅಳಿಸಿಬಿಡುವುದು. ದೀಪ ಹೊತ್ತಿದ ಕ್ಷಣದಲ್ಲಿ ಎಂಜಿನಿನ ಸುತ್ತು ಎಷ್ಟು, ಭಾರವೆಷ್ಟು, ಕಾವು ಎಷ್ಟು ಎಂಬುದನ್ನೆಲ್ಲ ಕಂಪ್ಯೂಟರು ಸಂಕೇತದೊಡನೆ ಬರೆದಿಟ್ಟಿರುತ್ತದೆ. ಅಳಿಸಿದೊಡನೆ ಆ ಸಾಕ್ಷ್ಯವೂ ಹೋಯಿತು.

ಹಾಗಾದರೆ ಪರೀಕ್ಷೆಯು ಎಲ್ಲಿಂದ ಆರಂಭವಾಗಬೇಕು? ಖರ್ಚಿಲ್ಲದ ಕಡೆಯಿಂದ. ಏರ್ ಫಿಲ್ಟರನ್ನು ತೆಗೆದು ನೋಡಲು ಐದು ನಿಮಿಷ ಸಾಕು. ಹೋಸಿನ ಸಂದುಗಳಲ್ಲಿ ಎಣ್ಣೆಯ ಕಲೆ ಹೊಸದಾಗಿ ಹರಡಿದ್ದರೆ ಅಲ್ಲಿ ಗಾಳಿ ಸೋರುತ್ತಿರಬಹುದು. ವೇಗ ಹೆಚ್ಚಿಸಿದಾಗ ಬುಸ್ಸೆಂಬ ಸದ್ದು ಕೇಳಿದರೆ ಸಂಶಯವು ಬಲವಾಗುತ್ತದೆ. ಗಾಡಿಯನ್ನು ನಿಲ್ಲಿಸಿ ಮತ್ತೆ ಹೊರಡಿಸಿದಾಗ ಬಲವು ಮರಳಿ ಬಂದು, ಮುಂದಿನ ದೊಡ್ಡ ಏರಿನಲ್ಲಿ ಮತ್ತೆ ಕೈಕೊಡುವುದಾದರೆ, ಟರ್ಬೊವಿನೊಳಗಿನ ತಿರುಗುವ ರೆಕ್ಕೆಗಳು ಮಸಿಯಿಂದ ಬಿಗಿದುಕೊಳ್ಳುತ್ತಿವೆಯೆಂದು ಊಹಿಸಲು ಕಾರಣವುಂಟು. ಎಂಜಿನಿನ ಸುತ್ತು ಏರುತ್ತಿದ್ದರೂ ಗಾಡಿಯ ವೇಗವು ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಇದಕ್ಕೆ ಸಾಮಾನ್ಯವಾಗಿ ಸಂಕೇತವೂ ಬಾರದು, ದೀಪವೂ ಹೊತ್ತದು.

ಆ ಮೇಲೆ ಸ್ಕ್ಯಾನರು. ಅದನ್ನು ಸಂಕೇತ ಓದುವುದಕ್ಕಿಂತಲೂ ಅಂಕಿಗಳನ್ನು ಓದುವುದಕ್ಕಾಗಿ ಬಳಸತಕ್ಕದ್ದು. ಮೊದಲು ಎಂಜಿನನ್ನು ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ ನೋಡಬೇಕು. ಆಗ ಒಳಗಿನ ಗಾಳಿಯ ಒತ್ತಡವು ಹೊರಗಿನ ವಾತಾವರಣದ ಒತ್ತಡಕ್ಕೆ ಸಮನಾಗಿರಬೇಕು. ಕಡಲ ದಂಡೆಯ ಮಂಗಳೂರಿನಲ್ಲಿ ಇದು ಸುಮಾರು 1010 ಮಿಲಿಬಾರು. ಕಡಲ ಮಟ್ಟಕ್ಕಿಂತ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 910. ಬೆಂಗಳೂರಿನಲ್ಲಿ ಸುಮ್ಮನೆ ನಿಂತಿರುವ ಗಾಡಿಯು 1010 ಎಂದು ಹೇಳುತ್ತಿದ್ದರೆ ಸೆನ್ಸರು ಸುಳ್ಳಾಡುತ್ತಿದೆಯೆಂದು ತಿಳಿಯತಕ್ಕದ್ದು. ಇದರಂತೆಯೇ ಶೋಧಕದ ಹಿಂದು ಮುಂದಿನ ಒತ್ತಡಗಳ ಅಂತರವು ಎಂಜಿನು ನಿಂತಿರುವಾಗ ಸೊನ್ನೆಯಾಗಿರಬೇಕು. ನಿಂತಾಗಲೇ ಸುಳ್ಳು ಹೇಳುವ ಸೆನ್ಸರಿನ ಮಾತನ್ನು ಓಡುವಾಗ ನಂಬುವುದು ಹೇಗೆ?

ನಿಂತ ಪರೀಕ್ಷೆಯು ಮುಗಿದ ಮೇಲೆ ಓಡುವ ಪರೀಕ್ಷೆ. ಒಬ್ಬರು ನಡೆಸುತ್ತ, ಇನ್ನೊಬ್ಬರು ಅಂಕಿಗಳನ್ನು ನೋಡುತ್ತ, ದಟ್ಟಣೆಯಿಲ್ಲದ ಏರುರಸ್ತೆಯಲ್ಲಿ ಗಾಡಿಗೆ ಭಾರ ಕೊಡಬೇಕು. ಕಂಪ್ಯೂಟರು ಬೇಡಿದ ಒತ್ತಡ ಮತ್ತು ನಿಜವಾಗಿ ದೊರೆತ ಒತ್ತಡ ಎಂಬ ಎರಡು ಅಂಕಿಗಳನ್ನು ಗಾಳಿಗೂ ಎಣ್ಣೆಗೂ ಬೇರೆಬೇರೆಯಾಗಿ ಹೋಲಿಸಿದರೆ ರೋಗವು ಯಾವ ಓಣಿಯಲ್ಲಿದೆಯೆಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಸುಮ್ಮನೆ ನಿಂತು ಓಡುವ ಎಂಜಿನಿನಲ್ಲಿ ಎಣ್ಣೆಯ ಒತ್ತಡವು 300 ಬಾರಿನ ಆಸುಪಾಸಿನಲ್ಲಿದ್ದು, ಭಾರ ಬಿದ್ದಾಗ 1600 ಬಾರಿಗೂ ಹೆಚ್ಚಾಗುವುದುಂಟು. ಬೇಡಿಕೆಯು ಏರುತ್ತಿರುವಾಗ ದೊರೆಯುವ ಒತ್ತಡವು ಕುಸಿದರೆ ಮೊದಲು ಡೀಸೆಲ್ ಫಿಲ್ಟರನ್ನೂ ಅದರಲ್ಲಿ ನಿಂತ ನೀರನ್ನೂ ನೋಡತಕ್ಕದ್ದು. ಆ ಬಳಿಕ ಪ್ರತಿಯೊಂದು ಇಂಜೆಕ್ಟರಿನ ಹಿಂದಿರುಗುವ ಎಣ್ಣೆಯನ್ನು ಸಣ್ಣ ಸೀಸೆಗಳಲ್ಲಿ ಹಿಡಿದು ಹೋಲಿಸುವ ಹಳೆಯ ಪರೀಕ್ಷೆಯಿದೆ. ಯಾವ ಸೀಸೆಯು ಬೇಗ ತುಂಬಿತೋ ಆ ಇಂಜೆಕ್ಟರು ಸೋರುತ್ತಿದೆ. ಈ ವಿದ್ಯೆಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪೆನಿಯು ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆಯನ್ನು ಹೂಡಿ ಡೀಸೆಲ್ ಪಂಪುಗಳನ್ನು ತಯಾರಿಸತೊಡಗಿದಂದಿನಿಂದ, ಪಂಪು ಮತ್ತು ನಾಜಲುಗಳ ಸೂಕ್ಷ್ಮ ಕೆಲಸವನ್ನು ಬಲ್ಲ ಕೈಗಳು ಈ ಊರಿನಲ್ಲಿ ತಲೆಮಾರುಗಳಿಂದ ಇವೆ. ಅಂಥವರು ಒಡೆಯುವ ಮೊದಲು ಅಳೆಯುತ್ತಾರೆ.

ಇನ್ನು ಎಲ್ಲರ ಕೋಪಕ್ಕೂ ಗುರಿಯಾಗಿರುವ ಶೋಧಕದ ವಿಚಾರ. ಹಳೆಯ ಡೀಸೆಲ್ ಗಾಡಿಯಲ್ಲಿ ಹೋಸು ಸೀಳಿದರೆ ಅಥವಾ ಇಂಜೆಕ್ಟರು ತೊಟ್ಟಿಕ್ಕಿದರೆ ಹಿಂದಿನಿಂದ ಕರಿಹೊಗೆ ಹೊರಟು ಊರಿಗೆಲ್ಲ ಕಾಣುತ್ತಿತ್ತು. ಮೇಸ್ತ್ರಿಯು ಹೊಗೆಯ ಬಣ್ಣ ನೋಡಿಯೇ ರೋಗ ಹೇಳುತ್ತಿದ್ದನು: ಕರಿದಾದರೆ ಗಾಳಿ ಕಡಿಮೆ ಅಥವಾ ಎಣ್ಣೆ ಹೆಚ್ಚು, ನೀಲಿಯಾದರೆ ಎಂಜಿನ್ ಆಯಿಲು ಉರಿಯುತ್ತಿದೆ, ಬಿಳಿದಾದರೆ ಉರಿಯದ ಎಣ್ಣೆ ಅಥವಾ ನೀರು. ಶೋಧಕವು ಬಂದ ಮೇಲೆ ಕರಿಹೊಗೆಯು ಹೊರಗೆ ಕಾಣುವುದಿಲ್ಲ. ಅದೆಲ್ಲ ಒಳಗೇ ಸೇರಿ ಶೋಧಕವು ಅವಧಿಗೆ ಮುಂಚೆ ತುಂಬುತ್ತದೆ. ಆಗ ದೀಪವು ಶೋಧಕದ ಹೆಸರನ್ನು ಹೇಳುತ್ತದೆ. ನಿಜವಾದ ಅಪರಾಧಿಯು ಎಂಜಿನಿನ ಪಕ್ಕದಲ್ಲಿ ಹಾಯಾಗಿರುತ್ತಾನೆ. ಹೊಸ ಶೋಧಕವನ್ನೇ ಹಾಕಿದರೂ ಕೆಲವು ತಿಂಗಳಲ್ಲಿ ಅದೂ ತುಂಬುವುದೇಕೆಂದು ಮಾಲಿಕರು ಬೆರಗಾಗುವುದು ಇದರಿಂದಲೇ.

ಯಂತ್ರದಲ್ಲಿ ದೋಷವಿಲ್ಲದೆಯೂ ಶೋಧಕವು ಕಟ್ಟುವುದುಂಟು. ಸೇರಿದ ಮಸಿಯನ್ನು ಗಾಡಿಯು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಇದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವೂ, ನಿಲ್ಲದೆ ಹದಿನೈದು ಇಪ್ಪತ್ತು ನಿಮಿಷದ ಓಟವೂ ಬೇಕು. ಮನೆಯಿಂದ ಮೂರು ಮೈಲಿಯ ಕಚೇರಿಗೆ, ಪ್ರತಿಯೊಂದು ಸಿಗ್ನಲಿನಲ್ಲಿಯೂ ನಿಂತು ಹೋಗುವ ಬೆಂಗಳೂರಿನ ಗಾಡಿಗೆ ಈ ಅವಕಾಶವೆಲ್ಲಿ? ಸುಡುವ ಕೆಲಸವು ನಡೆಯುತ್ತಿರುವಾಗ ನಿಂತ ಗಾಡಿಯ ಸುತ್ತು ತುಸು ಏರಿರುತ್ತದೆ, ಫ್ಯಾನು ಜೋರಾಗಿ ತಿರುಗುತ್ತದೆ, ಬಿಸಿಯ ವಾಸನೆಯೂ ಬರುತ್ತದೆ. ಏನೋ ಕೆಟ್ಟಿತೆಂದು ಚಾಲಕರು ಅದೇ ಗಳಿಗೆಯಲ್ಲಿ ಎಂಜಿನನ್ನು ನಿಲ್ಲಿಸುತ್ತಾರೆ. ಹೀಗೆ ಪದೇಪದೇ ಅರ್ಧಕ್ಕೆ ನಿಂತರೆ, ಸುಡಲೆಂದು ಹೆಚ್ಚಾಗಿ ಸಿಂಪಡಿಸಿದ ಡೀಸೆಲು ಕೆಳಗಿಳಿದು ಎಂಜಿನ್ ಆಯಿಲಿನೊಡನೆ ಬೆರೆಯುತ್ತದೆ. ಆಯಿಲಿನ ಮಟ್ಟವು ದಿನದಿನಕ್ಕೆ ಏರುತ್ತಿದ್ದರೆ ಅದನ್ನು ಶುಭವೆಂದು ಭಾವಿಸತಕ್ಕದ್ದಲ್ಲ. ತೆಳುವಾದ ಆಯಿಲು ಟರ್ಬೊವನ್ನೂ ಬೇರಿಂಗುಗಳನ್ನೂ ತಿನ್ನುತ್ತದೆ. ಇನ್ನೊಂದು ಸೂಕ್ಷ್ಮ: ಮಸಿಯು ಸುಡುತ್ತದೆ, ಆಯಿಲಿನಿಂದ ಬರುವ ಬೂದಿಯು ಸುಡುವುದಿಲ್ಲ. ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕೆಂದು ಗಾಡಿಯ ಕೈಪಿಡಿಯಲ್ಲಿ ಬರೆದಿರುವಾಗ, ನೂರಿನ್ನೂರು ರೂಪಾಯಿ ಉಳಿಸಲು ಬೇರೊಂದನ್ನು ಹಾಕಿದವರು ಆ ಉಳಿತಾಯವನ್ನು ಶೋಧಕದ ಬೆಲೆಯಲ್ಲಿ ಹಿಂದಿರುಗಿಸಬೇಕಾಗುತ್ತದೆ.

ಶೋಧಕವನ್ನು ಕಿತ್ತ ಗಾಡಿಯು ಚೆನ್ನಾಗಿ ಎಳೆಯುತ್ತದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಸೀಳಿದ ಹೋಸು ಸೀಳಿದಂತೆಯೇ ಉಳಿದು, ಅದು ಹುಟ್ಟಿಸುವ ಮಸಿಯು ಈಗ ರಸ್ತೆಗೆ ಬೀಳುತ್ತದೆ, ಅಷ್ಟೇ. 2020ರ ಏಪ್ರಿಲ್ 1ರಿಂದ ದೇಶವೆಲ್ಲ ಭಾರತ್ ಸ್ಟೇಜ್ 6ಕ್ಕೆ ಬಂದಾಗ, ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ಕಣಗಳ ತೂಕದ ಮಿತಿಯು 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಯಿತು. ಇಂಧನದ ಗಂಧಕವು ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ತೈಲ ಶುದ್ಧೀಕರಣ ಕೇಂದ್ರಗಳ ಮೇಲೆ ಸುರಿದ ಅಪಾರ ಹಣವೂ, ಕೊಳ್ಳುವವನು ಹೆಚ್ಚಾಗಿ ಕೊಟ್ಟ ಬೆಲೆಯೂ ಒಂದು ಮಧ್ಯಾಹ್ನದ ಸುತ್ತಿಗೆ ಕೆಲಸದಲ್ಲಿ ನೀರುಪಾಲಾಗುತ್ತವೆ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಸಾರಿದೆ.

ಕಾಯದೆಯಿಲ್ಲವೆ? ಇದೆ. ತಯಾರಕರು ನಮೂದಿಸಿದ ರೂಪವನ್ನು ಮಾಲಿಕನು ಬದಲಿಸಕೂಡದೆಂದು 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮು ಹೇಳುತ್ತದೆ. 2019ರ ತಿದ್ದುಪಡಿಯು ಇದಕ್ಕೆ ದಂಡವನ್ನೂ ಸೆರೆವಾಸವನ್ನೂ ಸೇರಿಸಿದೆ. ಆದರೆ ಕಳ್ಳತನವು ಹಿಡಿಯಲ್ಪಡುವುದು ಎಲ್ಲಿ? ನಮ್ಮ ಎಮಿಷನ್ ಟೆಸ್ಟ್ ಕೇಂದ್ರಗಳಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ಕಪ್ಪಾಗಿದೆಯೆಂಬುದನ್ನು ಮಾತ್ರ ಬೆಳಕಿನಿಂದ ಅಳೆಯುತ್ತಾರೆ. ಹೊಸ ಮಾದರಿಯ ಎಂಜಿನಿನಿಂದ ಹೊರಡುವ ಅತಿ ಸೂಕ್ಷ್ಮ ಕಣಗಳು ಬೆಳಕಿಗೆ ಸುಲಭವಾಗಿ ಅಡ್ಡ ಬಾರವು. ಶೋಧಕವಿಲ್ಲದ ಗಾಡಿಯೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹೋಗಬಲ್ಲದು. ಇದನ್ನರಿತೇ ಬೆಲ್ಜಿಯಂ 2022ರಲ್ಲಿಯೂ, ಜರ್ಮನಿ ಮತ್ತು ನೆದರ್ಲೆಂಡ್ಸ್ 2023ರಲ್ಲಿಯೂ ಕಣಗಳನ್ನು ಎಣಿಸುವ ಯಂತ್ರವನ್ನು ವಾಹನ ತಪಾಸಣೆಗೆ ತಂದವು. ಹೊಗೆಕೊಳವೆಗೆ ಒಂದು ನಳಿಗೆಯನ್ನು ಇಟ್ಟು ಕೆಲವು ನಿಮಿಷ ಕಾದರೆ ಶೋಧಕವಿದೆಯೇ ಒಡೆದಿದೆಯೇ ಎಂಬುದು ತಿಳಿದುಬರುತ್ತದೆ. ನಮ್ಮ ಸರಕಾರವು ಇದನ್ನು ಏಕೆ ಅನುಸರಿಸಬಾರದು?

ಗ್ಯಾರೇಜಿನವನೊಬ್ಬನನ್ನೇ ದೂರುವುದೂ ನ್ಯಾಯವಲ್ಲ. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗ ಮಾತ್ರ ಸಭ್ಯವಾಗಿ ನಡೆದುಕೊಳ್ಳುವ ಪ್ರೋಗ್ರಾಮನ್ನು ಫೋಕ್ಸ್‌ವ್ಯಾಗನ್ ಕಂಪೆನಿಯು ಜಗತ್ತಿನಾದ್ಯಂತ ಸುಮಾರು ಒಂದು ಕೋಟಿ ಹತ್ತು ಲಕ್ಷ ಗಾಡಿಗಳಲ್ಲಿ ಇಟ್ಟಿದ್ದುದು 2015ರಲ್ಲಿ ಬಯಲಾಯಿತು. ಪಂಡಿತರು ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಪಾಮರನು ಸುತ್ತಿಗೆಯಿಂದ ಮಾಡುತ್ತಿದ್ದಾನೆ. ಅದಕ್ಕಿಂತ ನಮಗೆ ಹತ್ತಿರದ ಸಂಗತಿಯೊಂದಿದೆ. ಬಿಡಿಭಾಗಗಳನ್ನೂ ತಪಾಸಣೆಯ ಉಪಕರಣಗಳನ್ನೂ ತಾಂತ್ರಿಕ ವಿವರಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಾರೆಂದು ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ ಹದಿನಾಲ್ಕು ಕಾರು ತಯಾರಕರಿಗೆ 2,500 ಕೋಟಿ ರೂಪಾಯಿಗೂ ಮಿಕ್ಕ ದಂಡವನ್ನು ವಿಧಿಸಿತು. ಆರೋಗ್ಯವಂತ ಗಾಡಿಯ ಅಂಕಿಗಳು ಎಷ್ಟಿರಬೇಕೆಂಬ ಪಟ್ಟಿಯೇ ಕೈಗೆ ಸಿಗದ ಮೇಸ್ತ್ರಿಯು ಊಹೆಯಿಂದ ಭಾಗಗಳನ್ನು ಬದಲಿಸುತ್ತಾನೆ. ಊಹೆಯು ಫಲಿಸದಿದ್ದಾಗ ಶೋಧಕವನ್ನು ಒಡೆಯುತ್ತಾನೆ. ಆಯೋಗದ ಆ ಆಜ್ಞೆಯ ಪ್ರಯೋಜನವು ಗಲ್ಲಿಯ ಗ್ಯಾರೇಜಿನವರೆಗೆ ಎಷ್ಟು ಇಳಿದಿದೆ, ನಮ್ಮ ಐ.ಟಿ.ಐ.ಗಳಲ್ಲಿ ಕಲಿಯುವ ಹುಡುಗರ ಕೈಗೆ ಸ್ಕ್ಯಾನರೂ ಆ ಪಟ್ಟಿಗಳೂ ಬಂದಿವೆಯೇ ಎಂಬುದನ್ನು ಸರಕಾರವು ಜಿಲ್ಲೆ ಜಿಲ್ಲೆಗೂ ವಿಚಾರಿಸಬೇಕಾಗಿದೆ. ಕಣ ಎಣಿಸುವ ಯಂತ್ರಗಳು ಬರುವುದಕ್ಕೆ ಮೊದಲೇ ಈ ವಿಚಾರಣೆಯನ್ನು ಆರಂಭಿಸಲು ಯಾವ ಅಡ್ಡಿಯೂ ಇಲ್ಲ.