ಅಸಾಕುಸ ನಿಲ್ದಾಣ (ಗಿಂಜಾ ಮಾರ್ಗ)

ಅಸಾಕುಸ ನಿಲ್ದಾಣವು ಜಪಾನಿನ ರಾಜಧಾನಿ ಟೋಕಿಯೋದಲ್ಲಿ, ಸುಮಿದಾ ನದಿಯ ಪಶ್ಚಿಮ ದಂಡೆಯ ಸಮೀಪದಲ್ಲಿರುವ ನೆಲದಡಿಯ ಮೆಟ್ರೊ ನಿಲ್ದಾಣ. ಇದು ಟೋಕಿಯೋ ಮೆಟ್ರೊ ಸಂಸ್ಥೆಯ ಗಿಂಜಾ ಮಾರ್ಗದ ಪೂರ್ವ ತುದಿಯ ಕೊನೆಯ ನಿಲ್ದಾಣವಾಗಿದ್ದು, ಇದರ ಸಂಕೇತ ಜಿ-19. ಏಷ್ಯಾ ಖಂಡದ ಮೊದಲ ನೆಲದಡಿ ಮೆಟ್ರೊ ಮಾರ್ಗವು 1927ರಲ್ಲಿ ಈ ನಿಲ್ದಾಣದಿಂದ ಉಯೆನೊವರೆಗೆ ಆರಂಭವಾಯಿತು.

ಇತಿಹಾಸ

ಜಪಾನಿನ ನೆಲದಡಿ ರೈಲಿನ ಪಿತಾಮಹರೆಂದು ಹೆಸರಾದ ಹಯಾಕಾವಾ ನೊರಿತ್ಸುಗು (1881–1942) ಅವರು ಲಂಡನ್ ನಗರದ ಸುರಂಗ ರೈಲನ್ನು ಕಂಡು ಪ್ರಭಾವಿತರಾಗಿ, ಅಂಥದೇ ವ್ಯವಸ್ಥೆಯನ್ನು ಟೋಕಿಯೋದಲ್ಲಿ ತರಲು ಶ್ರಮಿಸಿದರು. ಮೃದುವಾದ ನೆಲದಲ್ಲಿ ಸುರಂಗ ನಿಲ್ಲಲಾರದೆಂಬ ಶಂಕೆ ಆಗ ವ್ಯಾಪಕವಾಗಿತ್ತು. ಅಸಾಕುಸದಿಂದ ಶಿಂಬಾಶಿವರೆಗೆ ಒಮ್ಮೆಗೇ ಮಾರ್ಗ ನಿರ್ಮಿಸುವುದು ಮೂಲ ಯೋಜನೆ. ಆದರೆ 1923ರ ಸೆಪ್ಟೆಂಬರ್ 1ರ ಮಹಾ ಭೂಕಂಪದ ನಂತರ ಹಣ ಒದಗಿಸುವುದು ಕಷ್ಟವಾದ ಕಾರಣ, ಜನಸಂದಣಿ ಹೆಚ್ಚಿದ್ದ ಅಸಾಕುಸ–ಉಯೆನೊ ನಡುವಿನ 2.2 ಕಿ.ಮೀ. ಭಾಗವನ್ನು ಮೊದಲು ಕೈಗೆತ್ತಿಕೊಳ್ಳಲಾಯಿತು. ಇದು 1927ರ ಡಿಸೆಂಬರ್ 30ರಂದು ಉದ್ಘಾಟನೆಗೊಂಡಿತು. ಪ್ರಯಾಣ ದರ 10 ಸೆನ್. ನಾಣ್ಯ ಹಾಕಿದರೆ ತಿರುಗುವ ಗೇಟಿನ ಮೂಲಕ ಪ್ರಯಾಣಿಕರು ಒಳಹೋಗುತ್ತಿದ್ದರು. ಕೆಲವೇ ನಿಮಿಷಗಳ ಈ ಪ್ರಯಾಣಕ್ಕಾಗಿ ಜನರು ದೀರ್ಘಕಾಲ ಸಾಲಿನಲ್ಲಿ ಕಾದಿದ್ದರು. ಮಾರ್ಗವು 1934ರಲ್ಲಿ ಶಿಂಬಾಶಿಯನ್ನು ತಲುಪಿತು. 1939ರಿಂದ ಶಿಬುಯಾವರೆಗೆ ನೇರ ಸಂಚಾರ ಸಾಧ್ಯವಾಯಿತು.

ರಚನೆ

ರಸ್ತೆಯನ್ನು ಮೇಲಿನಿಂದ ಅಗೆದು, ಸುರಂಗ ಕಟ್ಟಿ, ಮತ್ತೆ ಮುಚ್ಚುವ ವಿಧಾನದಿಂದ ಇದನ್ನು ನಿರ್ಮಿಸಲಾಗಿದೆ. ಆದ್ದರಿಂದ ನಿಲ್ದಾಣವು ನೆಲಮಟ್ಟಕ್ಕೆ ಹತ್ತಿರದಲ್ಲಿದೆ. ರೈಲಿಗೆ ವಿದ್ಯುತ್ತು ಮೇಲಿನ ತಂತಿಯಿಂದಲ್ಲದೆ, ಹಳಿಗಳ ಪಕ್ಕದಲ್ಲಿರುವ ಮೂರನೆಯ ಹಳಿಯಿಂದ (600 ವೋಲ್ಟ್) ದೊರೆಯುವುದರಿಂದ ಸುರಂಗದ ಎತ್ತರವನ್ನು ಕಡಿಮೆ ಮಾಡಲು ಸಾಧ್ಯವಾಯಿತು. ಎರಡು ಹಳಿಮಾರ್ಗಗಳ ಇಕ್ಕೆಲಗಳಲ್ಲಿ ಎರಡು ಪ್ಲಾಟ್‌ಫಾರಂಗಳಿವೆ. ಇಲ್ಲಿಗೆ ಬಂದ ರೈಲು ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಎರಡೂ ಪ್ಲಾಟ್‌ಫಾರಂಗಳಿಂದ ಶಿಬುಯಾ ಕಡೆಗೇ ರೈಲುಗಳು ಹೊರಡುವುದರಿಂದ, ಮೊದಲು ಹೊರಡುವ ರೈಲು ಯಾವುದೆಂದು ಸೂಚನಾ ಫಲಕದಲ್ಲಿ ನೋಡಿಕೊಳ್ಳಬೇಕು.

ಒಂದೇ ಹೆಸರಿನ ಇತರ ನಿಲ್ದಾಣಗಳು

ಅಸಾಕುಸ ಎಂಬ ಹೆಸರಿನಲ್ಲಿ ಇನ್ನೂ ಮೂರು ನಿಲ್ದಾಣಗಳಿವೆ. ತೊಬು ರೈಲ್ವೆಯ ನಿಲ್ದಾಣ (1931) ವಾಣಿಜ್ಯ ಕಟ್ಟಡವೊಂದರ ಎರಡನೆಯ ಅಂತಸ್ತಿನಲ್ಲಿದೆ. ತೊಯೆಯ್ ಅಸಾಕುಸ ಮಾರ್ಗದ ನಿಲ್ದಾಣ (1960) ನೆಲದಡಿಯಲ್ಲಿದೆ. ಇವೆರಡೂ ಸಮೀಪದಲ್ಲಿವೆ. ಆದರೆ ತ್ಸುಕುಬಾ ಎಕ್ಸ್‌ಪ್ರೆಸ್ ನಿಲ್ದಾಣವು (2005) ಪಶ್ಚಿಮಕ್ಕೆ ಸುಮಾರು ಅರ್ಧ ಕಿ.ಮೀ.ಗೂ ಹೆಚ್ಚು ದೂರದಲ್ಲಿರುವುದರಿಂದ, ರೈಲು ಬದಲಿಸುವವರು ನಡೆಯುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.

ಪರಿಸರ

ಅವಲೋಕಿತೇಶ್ವರನ ಜಪಾನೀ ರೂಪವಾದ ಕನ್ನೊನ್‌ಗೆ ಮೀಸಲಾದ ಸೆನ್ಸೋ-ಜಿ ಬೌದ್ಧ ದೇವಾಲಯ, ಬೃಹತ್ ಕೆಂಪು ಲಾಟೀನು ತೂಗುವ ಕಮಿನಾರಿಮೊನ್ ದ್ವಾರ ಹಾಗೂ ನಕಮಿಸೆ ಅಂಗಡಿ ಬೀದಿ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಅಜುಮಾ ಸೇತುವೆಯ ಬಳಿಯ ನಿಲ್ದಾಣ ದ್ವಾರಕ್ಕೂ ದೇವಾಲಯ ಶೈಲಿಯ ಚಾವಣಿಯಿದೆ.