ಸೈನಿಕರಿಗೂ ಬೇಕು ಎಚ್.ಪಿ.ವಿ. ಲಸಿಕೆ

ಸೈನಿಕನೆಂದೊಡನೆ ಶತ್ರುವಿನ ಗುಂಡಿಗೆ ಎದೆಯೊಡ್ಡುವ ವೀರನ ಚಿತ್ರ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಅವನ ಶತ್ರುಗಳೆಲ್ಲರೂ ಗಡಿಯಾಚೆಯೇ ಇರುವುದಿಲ್ಲ. ಯೌವನದಲ್ಲಿ ಸದ್ದಿಲ್ಲದೆ ದೇಹವನ್ನು ಹೊಕ್ಕು, ಹತ್ತಾರು ವರ್ಷಗಳ ಅನಂತರ ಕ್ಯಾನ್ಸರ್ ರೂಪದಲ್ಲಿ ತಲೆಯೆತ್ತಬಲ್ಲ ವೈರಾಣುವೊಂದುಂಟು. ಅದೇ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅರ್ಥಾತ್ ಎಚ್.ಪಿ.ವಿ. ಈ ವಿಷಯದಲ್ಲಿ ಅಮೆರಿಕದ ಸೇನೆಯ ಅನುಭವ ವಿಚಾರಾರ್ಹವಾಗಿದೆ.

ಈ ವೈರಾಣು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಬಹುಮಂದಿಯಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಅಳಿಯುತ್ತದೆ. ಉಳಿದುಕೊಂಡರೆ ಸ್ತ್ರೀಯರಲ್ಲಿ ಗರ್ಭಕಂಠದ ಕ್ಯಾನ್ಸರಿಗೂ, ಸ್ತ್ರೀ ಪುರುಷರಿಬ್ಬರಲ್ಲೂ ಗಂಟಲಿನ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಗರ್ಭಕಂಠದ ಕ್ಯಾನ್ಸರಿಗೆ ಇದೇ ಮೂಲವೆಂದು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಟ್ಸೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಅಮೆರಿಕದಲ್ಲಿ ಇದರ ಲಸಿಕೆಗೆ 2006ರಲ್ಲಿ ಸ್ತ್ರೀಯರಿಗಾಗಿಯೂ, 2009ರಲ್ಲಿ ಪುರುಷರಿಗಾಗಿಯೂ ಒಪ್ಪಿಗೆ ದೊರೆಯಿತು. ಸೇವೆಯಲ್ಲಿರುವ ಸೈನಿಕನಿಗೆ ಇದು ಉಚಿತ, ಆದರೆ ಕಡ್ಡಾಯವಲ್ಲ. ಬಿಟ್ಟಿಯಾಗಿ ದೊರೆಯುವ ಈ ರಕ್ಷಣೆಯನ್ನು ಅನೇಕರು ಪಡೆಯದೆಯೇ ಉಳಿದಿದ್ದಾರೆ. ಏಕೆ?

ಮೊದಲನೆಯದು, ಇದು ಹೆಂಗಸರ ಲಸಿಕೆಯೆಂಬ ತಪ್ಪು ಭಾವನೆ. ವಾಸ್ತವವಾಗಿ ಅಮೆರಿಕದಲ್ಲಿ ಈ ವೈರಾಣುವಿನಿಂದ ಬರುವ ಗಂಟಲಿನ ಕ್ಯಾನ್ಸರ್ ಸಂಖ್ಯೆಯಲ್ಲಿ ಗರ್ಭಕಂಠದ ಕ್ಯಾನ್ಸರನ್ನು ಮೀರಿದೆ. ಅದಕ್ಕೆ ತುತ್ತಾಗುವವರಲ್ಲಿ ಗಂಡಸರೇ ಹೆಚ್ಚು. ಗರ್ಭಕಂಠದ ರೋಗವನ್ನು ಮೊದಲೇ ಗುರುತಿಸಲು ಪ್ಯಾಪ್ ಪರೀಕ್ಷೆಯುಂಟು. ಗಂಟಲಿಗೆ ಅಂತಹ ವಾಡಿಕೆಯ ಪರೀಕ್ಷೆಯಿಲ್ಲ.

ಎರಡನೆಯದು ವರ್ಗಾವಣೆ. ಬ್ಯಾಂಕಿನ ನೌಕರನಾದ ನನಗೆ ಇದರ ಕಷ್ಟ ಚೆನ್ನಾಗಿ ಗೊತ್ತು. 15 ವರ್ಷ ದಾಟಿದವರಿಗೆ ಅಲ್ಲಿ ಒಪ್ಪಿಗೆ ಪಡೆದ ಕ್ರಮದಂತೆ ಮೂರು ಚುಚ್ಚುಮದ್ದುಗಳು: ಮೊದಲನೆಯದಾದ 2 ಮತ್ತು 6 ತಿಂಗಳಿಗೆ ಉಳಿದೆರಡು. ಒಂದು ಶಿಬಿರದಲ್ಲಿ ಮೊದಲ ಕಂತು ಪಡೆದವನು ಮೂರನೆಯದರ ವೇಳೆಗೆ ಸಮುದ್ರದಾಚೆ ಇರಬಹುದು. ಸಮಾಧಾನದ ಸಂಗತಿಯೆಂದರೆ, ಕಂತು ತಡವಾದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದಲೇ ಮುಂದುವರಿಸಬಹುದು.

ಆದ್ದರಿಂದ ತರಬೇತಿಯ ದಿನಗಳಲ್ಲೇ ಮೊದಲ ಚುಚ್ಚುಮದ್ದು ನೀಡುವುದು, ಪ್ರತಿ ಆರೋಗ್ಯ ತಪಾಸಣೆಯಲ್ಲೂ ದಾಖಲೆಯನ್ನು ನೋಡಿ ಬಾಕಿಯನ್ನು ನೆನಪಿಸುವುದು, ವೈದ್ಯರು ಸಂಕೋಚವಿಲ್ಲದೆ ಸ್ಪಷ್ಟವಾಗಿ ಹೇಳುವುದು ಇವೇ ಉತ್ತಮ ಉಪಾಯಗಳು. ಈಗಾಗಲೇ ತಗುಲಿದ ಸೋಂಕನ್ನು ಲಸಿಕೆ ಗುಣಪಡಿಸದು. ಆದಕಾರಣ ಬೇಗ ಪಡೆದಷ್ಟೂ ಲಾಭ ಹೆಚ್ಚು.

ಊರಿಂದೂರಿಗೆ ಬಂದು ನೆಲೆಸಿದ ನಮಗೂ ಇದರಲ್ಲಿ ಪಾಠವಿದೆ. ಪುಣೆಯ ಸೀರಂ ಸಂಸ್ಥೆಯ ‘ಸರ್ವಾವ್ಯಾಕ್’ ಲಸಿಕೆಗೆ 2022ರಲ್ಲಿ ನಮ್ಮ ದೇಶದಲ್ಲಿಯೇ ಒಪ್ಪಿಗೆ ದೊರೆತಿದೆ. ಮಗಳಿರಲಿ ಮಗನಿರಲಿ, ವಾಚಕರು ತಮ್ಮ ಕುಟುಂಬ ವೈದ್ಯರನ್ನು ಒಮ್ಮೆ ವಿಚಾರಿಸಲಿ. ಸಕಾಲದಲ್ಲಿ ಕಟ್ಟಿದ ಕಂತೇ ಮುಂದೆ ಕೈಹಿಡಿಯುವುದು.